ಬೀಜದ ಮಡು

ಹೋದ ವಾರ ನನ್ನ ಹೆಂಡತಿ ಹಿತ್ತಲಲ್ಲಿ ಕುಳಿತು ಅಂಟುವಾಳಕಾಯಿ ಕುಟ್ಟುತ್ತಿದ್ದಳು. ಮದುವೆಯಲ್ಲಿ ಬಂದ ಎರಡು ರೇಷ್ಮೆ ಸೀರೆಗಳಿವೆ. ಅವನ್ನು ಅಂಗಡಿಯ ಸೋಪಿನ ಪುಡಿಗೆ ಒಪ್ಪಿಸಲು ಅವಳಿಗೆ ಇಂದಿಗೂ ಧೈರ್ಯವಿಲ್ಲ. ಕುಟ್ಟಿದ ಸಿಪ್ಪೆಯನ್ನು ಬಕೇಟಿಗೆ ಹಾಕಿ ಕೈಯಾಡಿಸಿದಳು. ಬುರುಬುರು ನೊರೆ ಎದ್ದಿತು, ಜೊತೆಗೆ ಆ ಒಗರು ವಾಸನೆ. ಪೇಪರು ಓದುತ್ತಿದ್ದ ನಾನು ಎದ್ದು ಹೋಗಿ, "ಅದನ್ನ ಅತ್ತಾಗ ಒಯ್ಯಿ" ಎಂದು ಗದರಿದೆ. ಅವಳು ನೊರೆಗೈ ಎತ್ತಿ ಹಿಡಿದು ನನ್ನನ್ನೇ ನೋಡಿದಳು. "ಈ ನೊರಿ ನಿಮಗೇನ ಮಾಡೇತ್ರಿ? ಇಪ್ಪತ್ತು ವರ್ಷ ಆತು, ಇದನ್ನ ಕಂಡ್ರ ಮಾರಿ ಗಂಟ ಹಾಕತೀರಿ" ಎಂದಳು.

ನೊರೆ ಏನೂ ಮಾಡಿಲ್ಲ. ಮಾಡಿದವನು ನಾನು. ಅದನ್ನು ಅವಳಿಗೂ ಹೇಳದೆ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ನೀವೂ ಸ್ವಲ್ಪ ಹತ್ತಿರ ಸರಿದು ಕುಳಿತರೆ ಹೇಳಿಬಿಡುತ್ತೇನೆ, ಗಟ್ಟಿಯಾಗಿ ಹೇಳುವ ರೂಢಿ ನನಗಿನ್ನೂ ಆಗಿಲ್ಲ.

ಆಗ ನಾನು ಜಮಖಂಡಿಯಲ್ಲಿ ಕಾಲೇಜಿನ ಹುಡುಗರಿಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಊರಲ್ಲಿ ನನಗೆ 'ಕಪ್ಪಿ ಸರ' ಎಂಬ ಹೆಸರಿತ್ತು. ಕಪ್ಪೆ ಕೊಯ್ಯಿಸುವವನಿಗೆ ಇನ್ನೇನು ಹೆಸರು ಬಂದೀತು? ನನಗೆ ಎರಡು ಕಾಯಿಲೆಗಳಿದ್ದವು. ಒಂದು, ಯಾರು ಏನೇ ಕೇಳಿದರೂ 'ಗೊತ್ತಿಲ್ಲ' ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರುವಾಗುತ್ತಿತ್ತು. ಇನ್ನೊಂದು, ಲೋಕಕ್ಕೆ ಗೊತ್ತಿಲ್ಲದ ಒಂದು ಮೀನು ಹಿಡಿದು ಅದರ ಬಾಲಕ್ಕೆ ನನ್ನ ಹೆಸರು ಅಂಟಿಸಬೇಕೆಂಬ ಆಸೆ. ಕೃಷ್ಣೆ, ಘಟಪ್ರಭೆಗಳ ದೊಡ್ಡ ಮೀನುಗಳಿಗೆಲ್ಲ ಸಾಹೇಬರ ಕಾಲದಲ್ಲೇ ಹೆಸರಿಟ್ಟು ಮುಗಿದಿತ್ತು. ಉಳಿದದ್ದು ಬೀಳಗಿ ಆಚೆಯ ಗುಡ್ಡದ ಸಂದಿಗಳಲ್ಲಿ ಮಳೆಗಾಲದಿಂದ ಸಂಕ್ರಾಂತಿಯವರೆಗೆ ಹರಿದು ಸುಮ್ಮನಾಗುವ ಸಣ್ಣ ಹಳ್ಳಗಳು. ರಜೆ ಬಂತೆಂದರೆ ಬಲೆ, ಬಾಟಲಿ ಹೊತ್ತು ಬಸ್ಸು ಹತ್ತುತ್ತಿದ್ದೆ. ಬೆಟ್ಟ ಏರಿಳಿದು ಮೊಣಕಾಲು ಕೆತ್ತಿಸಿಕೊಂಡು ಬರುವಾಗ ಬಾಟಲಿಯಲ್ಲಿ ಇರುತ್ತಿದ್ದದ್ದು ಗೊದಮೊಟ್ಟೆ ಮಾತ್ರ.

ಅಲ್ಲಿ ಸಿಕ್ಕವನು ಮಾಳಪ್ಪ. ನನ್ನದೇ ವಾರಿಗೆಯವನು, ಗುಡ್ಡದ ಬುಡದ ಹಳ್ಳಿಯ ಕುರಿಗಾರ, ಬೀರಪ್ಪ ದೇವರ ಒಕ್ಕಲು. ಗುಡಿಯ ಮುಂದೆ ಡೊಳ್ಳು ಬಾರಿಸುವವರಲ್ಲಿ ಅವನ ಕೈಯೇ ಮೇಲು ಎಂದು ಊರೆಲ್ಲ ಹೇಳುತ್ತಿತ್ತು. ನಾನು ನೀರಿಗೆ ಮೂಗು ತಾಗಿಸಿ ಮೀನು ಹುಡುಕುವುದನ್ನು ಎರಡು ದಿನ ದೂರದಿಂದ ನೋಡಿದವನು, ಮೂರನೆಯ ದಿನ ತಡೆಯಲಾರದೆ ಕೆಳಗಿಳಿದು ಬಂದ.

"ಮೀನ ನೋಡಬ್ಯಾಡ್ರಿ ಸರ. ಕಲ್ಲ ನೋಡ್ರಿ" ಎಂದ. "ಪಾಚಿ ನೆಕ್ಕಿದ ಗುರುತ ಇರತೈತಿ. ಗುರುತ ಇದ್ದಲ್ಲಿ ಅದು ಇರತೈತಿ."

ಬಗ್ಗಿ ನೋಡಿದೆ. ಹಸಿರು ಕಲ್ಲಿನ ಮೇಲೆ ಬೆರಳುಗುರುತಿನಷ್ಟು ಬೋಳು ಮಚ್ಚೆಗಳು. ಕಲ್ಲು ಎತ್ತಿದಾಗ ಅದರಡಿಗೆ ಹೊಟ್ಟೆಯಿಂದ ಅಂಟಿಕೊಂಡಿತ್ತು ಕಿರುಬೆರಳುದ್ದದ ಕಪ್ಪು ಮೀನು. ಅವನು ಅದನ್ನು ಕಲ್ಲಮೀನು ಎಂದ. ಅವತ್ತಿನಿಂದ ಗುಡ್ಡದಲ್ಲಿ ನಾನು ವಿದ್ಯಾರ್ಥಿ, ಅವನು ಮಾಸ್ತರ. ಅವನ ಹೆಂಡತಿ ಹೊಳೆವ್ವನ ರೊಟ್ಟಿ, ಪುಂಡಿಪಲ್ಯ ಎಷ್ಟು ಸಲ ಉಂಡೆನೋ ಲೆಕ್ಕವಿಲ್ಲ.

ಕಾರ್ತಿಕದಲ್ಲಿ ಅವರು ಮೀನು ಹಿಡಿಯುವ ರೀತಿ ಕಂಡೆ. ಬೇಲಿಯ ಮುಳ್ಳುಗಿಡದ ಕಾರಿಕಾಯಿಗಳನ್ನು ಕುಟ್ಟಿ ಹರಿಯುವ ಹಳ್ಳದಲ್ಲಿ ಅದ್ದುತ್ತಾರೆ. ಅಂಟುವಾಳದಂತೆಯೇ ನೊರೆಯೇಳುತ್ತದೆ, ಮೀನಿಗೆ ಅಮಲೇರುತ್ತದೆ, ಮಗುಚಿ ಮೇಲೆ ಬರುತ್ತದೆ. ದೊಡ್ಡದನ್ನಷ್ಟೇ ಆರಿಸಿಕೊಂಡು ಸಣ್ಣವನ್ನು ಬಿಡುತ್ತಾರೆ. ಹೊಸ ನೀರು ಬಂದಂತೆ ಅವು ಒಂದೊಂದಾಗಿ ಎಚ್ಚರಗೊಂಡು ಹೋಗುತ್ತವೆ. ನಾನು ನೋಟುಬುಕ್ಕಿನಲ್ಲಿ ಎಲ್ಲ ಬರೆದುಕೊಂಡೆ. ನನ್ನ ಬಾಟಲಿಗಳು ಒಡೆದಾವೆಂದು ಮಾಳಪ್ಪ ಅಲ್ಲೇ ಗುಡ್ಡದ ಮೇಲೆ ತನ್ನ ಹೆಗಲಿನ ಉಣ್ಣೆಯ ಚೀಲ ಬಿಚ್ಚಿ ನನಗೆ ಕೊಟ್ಟ. ಅವನೇ ನೂತು ಹೆಣೆದ, ಕರಿಯ ಮೇಲೆ ಎರಡು ಬಿಳಿ ಪಟ್ಟಿಯ ಚೀಲ.

ಅದೇ ಸಲ ಅವನು ನನ್ನನ್ನು ಹಳ್ಳದ ತಲೆಯವರೆಗೆ ಕರೆದೊಯ್ದ. ಎರಡು ಬಂಡೆಗಳ ನಡುವೆ ಒಂದು ಮಡು, ನಾಲ್ಕು ಎತ್ತು ನಿಲ್ಲುವಷ್ಟು.

"ಬ್ಯಾಸಗ್ಯಾಗ ಎಲ್ಲಾ ಬತ್ತತಾವ, ಇದೊಂದ ಬತ್ತಂಗಿಲ್ಲ. ಮಳಿ ಬಿತ್ತಂದ್ರ ಇಲ್ಲಿಂದನ ಎಲ್ಲಾ ಹಳ್ಳಕ್ಕ ಮೀನ ಹೋಗತಾವ. ಇದು ಬೀಜದ ಮಡು ರಿ. ಇದರಾಗ ಯಾರೂ ಕೈ ಹಾಕಂಗಿಲ್ಲ" ಎಂದ. ನನ್ನ ಕಡೆ ತಿರುಗಿ, "ಎಷ್ಟ ಹಸಿವಿದ್ರೂ ಬಿತ್ತೂ ಬೀಜಾ ಉಣ್ಣತಾರೇನ್ರಿ ಯಾರರೆ?" ಎಂದ. ಉಣ್ಣುವುದಿಲ್ಲ ಎಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ನೆನಪಾದರೆ ಈಗಲೂ ತಲೆ ತಗ್ಗಿಸುತ್ತೇನೆ.

ಬೇಸಿಗೆಯಲ್ಲಿ ದೊಡ್ಡ ಪ್ರೊಫೆಸರೊಬ್ಬರಿಂದ ಕಾಗದ ಬಂತು. ಹೊಸ ಜಾತಿಯೇ ನೋಡಿ ಹೇಳಿ ಎಂದು ನಾನು ಕಳಿಸಿದ್ದ ಎರಡು ಕಲ್ಲಮೀನು ಕೆಟ್ಟುಹೋಗಿದ್ದವಂತೆ. ಹೊಸ ಜಾತಿ ಇದ್ದರೂ ಇರಬಹುದು, ತಿಂಗಳೊಳಗೆ ಒಳ್ಳೆಯ ಹತ್ತು ಮೀನು ಕಳಿಸಿ ಎಂದು ಬರೆದಿದ್ದರು. 'ಇರಬಹುದು' ಎಂಬ ಒಂದು ಪದಕ್ಕೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಮಾಳಪ್ಪ ಊರಲ್ಲಿರಲಿಲ್ಲ; ಸಮೀರವಾಡಿ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ, ನಡುವೆ ಒಂದೊಂದು ದಿನ ಹಿಟ್ಟು ಒಯ್ಯಲು ಮನೆಗೆ ಬಂದು ಹೋಗುತ್ತಿದ್ದ. ಅವನಿಲ್ಲದ್ದು ಒಳ್ಳೆಯದೇ ಆಯಿತು ಎಂದು ನನ್ನ ಮನಸ್ಸು ಹೇಳಿತು, ನೋಡಿ. ಒಬ್ಬನೇ ಹೋದೆ.

ಹಳ್ಳವೆಲ್ಲ ಒಣಗಿ ಬೀಜದ ಮಡುವಿನಲ್ಲಿ ಮಾತ್ರ ನೀರಿತ್ತು. ಮೂರು ತಾಸು ಬಲೆ ಬೀಸಿದೆ. ಬಂಡೆಯ ಸಂದಿಯಿಂದ ಒಂದು ಮೀನೂ ಹೊರಬರಲಿಲ್ಲ. ದಾರಿಯಲ್ಲಿ ಬೇಲಿಯಿಂದ ಒಣಗಿದ ಕಾರಿಕಾಯಿ ಕಿತ್ತು ಮಾಳಪ್ಪ ಕೊಟ್ಟ ಚೀಲದಲ್ಲಿ ಹಾಕಿಕೊಂಡಿದ್ದೆ. ಏತಕ್ಕೆ ಎಂದು ನನ್ನನ್ನೇ ಕೇಳಿಕೊಂಡಿರಲಿಲ್ಲ. ಕುಟ್ಟಿದೆ. ಒಂದು ಹಿಡಿ ಹಾಕಿದೆ, ಸಾಲಲಿಲ್ಲ ಅನ್ನಿಸಿ ಉಳಿದದ್ದನ್ನೂ ಸುರಿದೆ. ಮೀನು ಮೇಲೆ ಬಂದವು. ಕುಣಿಯುವಷ್ಟು ಖುಷಿಯಲ್ಲಿ ಹತ್ತನ್ನು ಬಾಟಲಿಗೆ ತುಂಬಿದೆ. ಆಮೇಲೆ ಇನ್ನೂ ಬಂದವು. ಮತ್ತೂ ಬಂದವು. ಎಚ್ಚರಾಗಲಿ ಎಂದು ಕಾಯುತ್ತ ಕುಳಿತೆ. ಹರಿಯುವ ನೀರು ಎಚ್ಚರಿಸುತ್ತದೆ, ನಿಂತ ನೀರು ಎಚ್ಚರಿಸುವುದಿಲ್ಲ ಎಂಬುದು ಶಾಲೆಗೆ ಹೋಗದ ಮಾಳಪ್ಪನಿಗೆ ಗೊತ್ತಿತ್ತು, ಎಂ.ಎಸ್ಸಿ. ಮಾಡಿದ ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಬೊಗಸೆಯಲ್ಲಿ ಎತ್ತಿಕೊಂಡು ಅತ್ತಿತ್ತ ಓಡಾಡಿದೆ. ಒಯ್ದು ಬಿಡಲು ಬೇರೆ ನೀರೆಲ್ಲಿತ್ತು? ಗುಡ್ಡದಾಚೆ ಕುರಿಗಂಟೆ ಕೇಳಿಸಿತು. ಬಾಟಲಿ ಅಪ್ಪಿಕೊಂಡು ಓಡಿದೆ. ಚೀಲ ಅಲ್ಲೇ ಉಳಿಯಿತು.

ಮುಂದಿನ ಅಮಾವಾಸ್ಯೆಗೆ ಆ ಊರಿಗೆ ಹೋದೆ. ಯಾರಿಗಾದರೂ ಗೊತ್ತಾಗಿದೆಯೇ ಎಂದು ನೋಡಲು ಹೋದೆ, ಬೇರೇನೂ ಅಲ್ಲ. ಬೀರಪ್ಪನ ಗುಡಿಯ ಮುಂದೆ ಮಂದಿ ಕೂಡಿತ್ತು. ನನ್ನನ್ನು ಕಂಡು ಕಂಬಳಿ ಹಾಸಿ ಕೂಡಿಸಿದರು, ಚಹಾ ಕೊಟ್ಟರು. ನಡುವೆ ಎರಡು ಬಿಳಿ ಪಟ್ಟಿಯ ಚೀಲ ಬಿದ್ದಿತ್ತು, ಅದಕ್ಕಂಟಿ ಕಾರಿಕಾಯಿಯ ಸಿಪ್ಪೆ. ಎದುರಿಗೆ ಮಾಳಪ್ಪ ನಿಂತಿದ್ದ. ಅವನ ಕೈಯ ಹೆಣಿಗೆಯನ್ನು ಊರೇ ಗುರುತಿಸಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಖರೆಯೇ ಹೆಗಲು ಮುಟ್ಟಿಕೊಂಡೆ.

ಗುಡಿಯ ಹಿರಿಯ ನನ್ನ ಕಡೆ ತಿರುಗಿ, "ಸರ, ನೀವು ಕಲಿತವ್ರು. ಮಡುವಿನ ಮೀನ ಒಂದೂ ಉಳೀದಂಗ ಸತ್ತಾವ. ಹ್ಯಾಂಗ ಆಗಿರಬೇಕು?" ಎಂದು ಕೇಳಿದ.

ಅಷ್ಟು ಹೊತ್ತಿಗೆ ನನ್ನ ನಾಲಿಗೆ ಶುರುವಾಗಿತ್ತು. ಬಿಸಿಲಿಗೆ ನೀರು ಕಾಯುತ್ತದೆ, ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಮೀನು ಉಸಿರುಗಟ್ಟಿ ಸಾಯುವುದುಂಟು ಎಂದು ತರಗತಿಯಲ್ಲಿ ಹೇಳುವಂತೆ ಹೇಳಿದೆ. ಹಿರಿಯ ಕೊನೆಯವರೆಗೂ ಮರ್ಯಾದೆಯಿಂದ ಕೇಳಿದ. ಆಮೇಲೆ ಚೀಲ ತೋರಿಸಿ, "ಬಿಸಲು ಕಾರಿಕಾಯಿ ಕುಟ್ಟತೈತೇನ್ರಿ?" ಎಂದ. ಯಾರೂ ನಗಲಿಲ್ಲ. ಕನ್ನಡಕದ, ಇಸ್ತ್ರಿ ಅಂಗಿಯ ಸರ ಕಲ್ಲ ಮೇಲೆ ಕಾರಿಕಾಯಿ ಕುಟ್ಟಿಯಾನು ಎಂದು ಯಾರ ತಲೆಗೂ ಬರಲಿಲ್ಲ.

ಮಾಳಪ್ಪನ ಮುಂದೆ ಭಂಡಾರದ ತಟ್ಟೆ ಹಿಡಿದರು. ದೇವರ ಆ ಅರಿಶಿನ ಮುಟ್ಟಿದವನು ಸುಳ್ಳು ಹೇಳುವಂತಿಲ್ಲ. ಅವನು ಒಮ್ಮೆ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಕಾಯುತ್ತಿದ್ದ ಅಷ್ಟೇ. ನಾನು ಚಹಾದ ಬಟ್ಟಲು ನೋಡಿದೆ. ಅವನು ಭಂಡಾರದ ಮೇಲೆ ಕೈಯಿಟ್ಟು, "ಚೀಲ ನಂದ. ತಪ್ಪು ನನ್ನಿಂದ ಆಗೇತಿ" ಎಂದ. ಚೀಲ ಕೊಟ್ಟವನೂ ಮಡು ತೋರಿಸಿದವನೂ ಅವನೇ, ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಡುವಿನಲ್ಲಿ ಮತ್ತೆ ಮೀನು ಕಾಣುವ ತನಕ ಮಾಳಪ್ಪ ಡೊಳ್ಳು ಮುಟ್ಟಬಾರದು ಎಂದು ತೀರ್ಮಾನವಾಯಿತು. ನಾನು ಸಂಜೆಯ ಬಸ್ಸು ಹಿಡಿದೆ.

ಪ್ರೊಫೆಸರರ ಉತ್ತರವೂ ಬಂತು. ದಖ್ಖನದ ಹಳ್ಳಗಳಲ್ಲೆಲ್ಲ ಸಿಗುವ ಸಾಮಾನ್ಯ ಜಾತಿಯಂತೆ. ತಮ್ಮ ಶ್ರಮಕ್ಕೆ ಧನ್ಯವಾದಗಳು ಎಂದಿತ್ತು.

ಎಲ್ಲೆಲ್ಲೂ ಸಿಗುವ ಆ ಸಾಮಾನ್ಯ ಮೀನು ಎರಡು ವರ್ಷ ದಾಟಿದರೂ ನಮಗೆ ಸಿಗಲಿಲ್ಲ. ನಮಗೆ ಎಂದೆ, ಹೌದು, ಮಾಳಪ್ಪನೂ ಜೊತೆಗಿದ್ದ. 'ಬೇರೆ ಹಳ್ಳದಿಂದ ಮೀನು ತಂದು ಬಿಡೋಣ' ಎಂದು ನಾನೇ ಹೋಗಿ ಹೇಳಿದ್ದೆ, ದೊಡ್ಡ ಉಪಕಾರಿಯ ಹಾಗೆ. ಅವನು "ಹೂಂ ರಿ" ಎಂದು ಕಂಬಳಿ ಹೆಗಲಿಗೇರಿಸಿದ. ಬೀಳಗಿಯ ಗುಡ್ಡ ಮುಗಿಸಿದೆವು, ಮುಧೋಳದ ಕಡೆಯ ಹಳ್ಳಗಳನ್ನು ಮುಗಿಸಿದೆವು. ಕೆಲವನ್ನು ಕಬ್ಬಿನ ಗದ್ದೆ ನುಂಗಿತ್ತು, ಕೆಲವಕ್ಕೆ ಮೇಲೆ ಒಡ್ಡು ಬಿದ್ದಿತ್ತು. "ನೀರ ಸಣ್ಣದಾದಷ್ಟೂ ದೂರ ನಡೀಬೇಕಾಕೈತ್ರಿ" ಎನ್ನುತ್ತಿದ್ದ. ಇಷ್ಟು ನಡೆದರೂ ಆ ಚೀಲದ ಮಾತು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಅಂದೇ ಕಾಲು ಹಿಡಿದುಬಿಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದೂ ಸುಳ್ಳೇ ಇರಬೇಕು.

ಮೂರನೆಯ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಹೆಸರಿಲ್ಲದ ಒಂದು ಒರತೆಯ ಬಳಿ ಮಾಳಪ್ಪ ನಿಂತುಬಿಟ್ಟ. ಕಲ್ಲಿನ ಮೇಲೆ ಬೋಳು ಮಚ್ಚೆಗಳಿದ್ದವು. ಹನ್ನೊಂದು ಮೀನು ಸಿಕ್ಕವು. ತಾಮ್ರದ ಕೊಡಕ್ಕೆ ಒದ್ದೆ ಬಟ್ಟೆ ಕಟ್ಟಿ, ದಾರಿಯುದ್ದಕ್ಕೂ ನೀರು ಬದಲಿಸುತ್ತ, ಸರತಿಯ ಮೇಲೆ ಹೊತ್ತು ನಡೆದೆವು. ಎರಡು ದಾರಿಯಲ್ಲೇ ಸತ್ತವು, ಒಂಬತ್ತನ್ನು ಮಡುವಿಗೆ ಬಿಟ್ಟೆವು. ಮರು ವರ್ಷ ಮಳೆ ಬಿದ್ದ ಮೇಲೆ ದನ ಕಾಯುವವರು ಮರಿ ಕಂಡರು.

ಇಲ್ಲಿಗೆ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಆದರೆ ಅವರು ನನ್ನನ್ನು ಕರೆಸಿ ಸನ್ಮಾನ ಮಾಡಿದರು. ಅದೇ ಗುಡಿಯ ಮುಂದೆ ರುಮಾಲು ಸುತ್ತಿ, ಹಣೆಗೆ ಭಂಡಾರ ಹಚ್ಚಿ, "ನಮ್ಮವ ಕೆಡಿಸಿದ್ದನ್ನ ಸರ ನೆಟ್ಟಗ ಮಾಡ್ಯಾರ" ಎಂದರು. ನಾನು ಕೈಮುಗಿದು ನಕ್ಕೆ. ಮಾಳಪ್ಪನ ಹೆಗಲಿಗೆ ಡೊಳ್ಳು ಹಾಕಿದರು. ಮೊದಲ ನಾಲ್ಕೈದು ಪೆಟ್ಟು ತಾಳ ತಪ್ಪಿದವು. ಮೂರು ವರ್ಷ ಸುಮ್ಮನಿದ್ದ ಕೈ ಅದು. ಆಮೇಲೆ ನಾನು ಆ ಊರಿನ ಬಸ್ಸು ಹತ್ತಲಿಲ್ಲ.

ಅಂಟುವಾಳದ ನೊರೆ ಕಂಡ ಮರುದಿನ ಹತ್ತಿದೆ. ಮಾಳಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಉಣ್ಣೆ ನೂಲುತ್ತಿದ್ದ. ಮೀಸೆ ಬೆಳ್ಳಗಾಗಿತ್ತು. "ಬರ್ರಿ ಸರ, ದಾರಿ ಮರತಿರಿ ಅಂದಿದ್ದೆ" ಎಂದ. ನಿಂತಲ್ಲೇ ಎಲ್ಲ ಹೇಳಿದೆ. ಆಮ್ಲಜನಕದ ಸುಳ್ಳನ್ನೂ ಬಿಡಲಿಲ್ಲ. ಅವನ ಕದಿರು ತಿರುಗುತ್ತಲೇ ಇತ್ತು.

"ಇದೆಲ್ಲಾ ನನಗ ಗೊತ್ತೈತೆಲ್ರಿ" ಎಂದ. "ಗೊತ್ತಿದ್ದವಗ ಹೇಳಿದ್ರ ಏನ ಬಂತು? ಒಳಗ ಆಕಿ ಕುಂತಾಳ. ಆಕಿಗೆ ಗೊತ್ತಿಲ್ಲ."

ಹೊಳೆವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟವಾಯಿತು. ಅವಳ ಕೈ ಜೋಳದಲ್ಲೇ ನಿಂತಿತು.

"ಮೂರು ವರ್ಷ ಇಂವಗ ಬೈದೇನ್ರಿ ನಾ" ಎಂದಳು. "ಬೀಜಾ ತಿಂದವ ಅಂತ. ಒಮ್ಮೆ ಹುಡುಗೋರ್ನ ಕರಕೊಂಡ ತವರಿಗೆ ಹೋಗಿ ಕುಂತಿದ್ದೆ. ಇಂವ ಬಾಯಿ ಬಿಡಲಿಲ್ಲ."

ಹೊರಗಿನಿಂದ ಮಾಳಪ್ಪ, "ಮನ್ಯಾಗ ಉಂಡವ್ರ ಹೆಸರ ಹ್ಯಾಂಗ ಹೇಳಬೇಕು" ಎಂದ.

"ನೀ ಸುಮ್ನಿರು" ಎಂದಳು. ನನ್ನ ಕಡೆ ತಿರುಗಿದಳು. "ಸರ, ನೀವು ಕಲಿತವ್ರು. ಬೈದ ಮಾತು ಹ್ಯಾಂಗ ತಿರುಗಿ ತಗೋಬೇಕು, ಹೇಳ್ರಿ."

"ಗೊತ್ತಿಲ್ಲವ್ವಾ" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಮಾಸಿಗೆ ಗುಡಿ ಮುಂದ ಮಂದಿ ಕೂಡತೈತಿ. ಇಂವ ನಿಂತ ಜಾಗದಾಗ ನಿಂತು ಹೇಳ್ರಿ. ನಾ ಮುಂದ ಕುಂತ ಕೇಳತೇನಿ."

ನಾಳೆ ಅಮಾವಾಸ್ಯೆ. ಹೆಂಡತಿಗೂ ಹೇಳಿದ್ದೇನೆ, "ನಾನೂ ಬರತೇನಿ" ಎಂದಳು. ಅಲ್ಲಿ ಆಡಬೇಕಾದ ಮಾತನ್ನು ನಿನ್ನೆಯಿಂದ ಬರೆದು ಬರೆದು ಹರಿದಿದ್ದೇನೆ. ಪ್ರೊಫೆಸರರ ಕಾಗದ, ನನ್ನ ವಯಸ್ಸು, ಮೂರು ವರ್ಷ ನಡೆದದ್ದು, ಎಲ್ಲವೂ ಒಂದೊಂದಾಗಿ ಉದುರಿಹೋದವು. ಈಗ ಕಾಗದದಲ್ಲಿ ಎರಡೇ ಸಾಲು ಉಳಿದಿವೆ. ಮಡುವಿಗೆ ಕಾರಿಕಾಯಿ ಹಾಕಿದವ ನಾನು. ಮಾಳಪ್ಪ ಅಲ್ಲ.