ಫೋಟೋಕ್ಕೆ ಬಂದ ಕೈ

ಮಳೆಗೆ ಮಲಗಿದ ಭತ್ತದ ಸಮೀಕ್ಷೆಗೆಂದು ದೇಶನೂರಿಗೆ ಹೋಗಿದ್ದೆ. ಪಹಣಿಯಲ್ಲಿ ಹೆಸರಿದ್ದವರೇ ಗದ್ದೆಯಲ್ಲಿ ನಿಂತ ಫೋಟೋ ಬೇಕು, ಪರಿಹಾರವೂ ಅವರಿಗೇ. ಆ ಭತ್ತ ಬೆಳೆದವರು ಗದ್ದೆಯನ್ನು ಗುತ್ತಿಗೆಗೆ ಮಾಡಿದ್ದ ಖಾಸೀಂಸಾಬರು. ಪಹಣಿಯಲ್ಲಿದ್ದ ನಿವೃತ್ತ ಮೇಷ್ಟ್ರು ಬಳ್ಳಾರಿಯ ಗಾಂಧಿನಗರದಿಂದ ಕಾರಿನಲ್ಲಿ ಬಂದರು.

“ಯಾವ ತಳಿರಿ?” ಅಂದೆ.

ಮೇಷ್ಟ್ರು ಖಾಸೀಂಸಾಬರ ಮುಖ ನೋಡಿದರು.

“ಸೋನಾ ಮಸೂರಿ ಐತ್ರಿ,” ಅಂದರು ಖಾಸೀಂಸಾಬರು.

“ನೀವು ಹೇಳಂಗಿಲ್ರಿ, ಮಾಲೀಕರು ಹೇಳಬೇಕು.”

“ಸೋನಾ ಮಸೂರಿ,” ಅಂದರು ಮೇಷ್ಟ್ರು. ಬರೆದುಕೊಂಡೆ.

ಕೆಸರಿಗೆ ಇಳಿದೊಡನೆ ಮೇಷ್ಟ್ರು ಜಾರಿದರು. ಖಾಸೀಂಸಾಬರು ಅವರ ತೋಳು ಹಿಡಿದರು.

“ಸ್ವಲ್ಪ ಸರೀರಿ, ಫೋಟೋದಾಗ ನೀವು ಬರಬಾರದು.”

“ನಾ ಬಿಟ್ರ ಸಾರು ಬೀಳ್ತಾರ್ರಿ.”

ಅವರು ಆದಷ್ಟು ದೂರ ಸರಿದರು, ಕೈ ಮಾತ್ರ ಬಿಡಲಿಲ್ಲ. ಹಾಗೆಯೇ ತೆಗೆದು ಕಳಿಸಿದೆ. ಕಚೇರಿಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಆ ಭತ್ತ ಬೆಳೆದವರು ಸರ್ಕಾರದ ದಾಖಲೆಯಲ್ಲಿ ಈಗಲೂ ಇದ್ದಾರೆ, ಮೊಣಕೈವರೆಗೆ.