ಮೀನು ಎಣಿಸಲು ಅವಳು ಹೋದಳು

ಅವಳಿಗೆ ಈಜು ಕಲಿಸಿದವಳು ನಾನು. ಮಧುಗಿರಿಯ ಹೊರಗೆ ನಮ್ಮ ಹೊಲದಲ್ಲಿದ್ದ ಹಳೆಯ ಕಪಿಲೆ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ನಾನೇ ಹಿಡಿದು ಕಲಿಸಿದೆ. ಆಮೇಲೆ ನಡೆದದ್ದನ್ನು ಹೇಳುವಾಗ ಈ ಮಾತನ್ನು ಎಲ್ಲಕ್ಕಿಂತ ಮುಂದೆ ಇಡಬೇಕೆಂಬ ಆಸೆ ನನಗೆ ಇನ್ನೂ ಹೋಗಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾವಿಬ್ಬರೂ ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದೆವು. ಹಾಸ್ಟೆಲಿನಲ್ಲಿ ಒಂದೇ ಕೋಣೆ. ಅವಳು ಪಾವಗಡದವಳು. ನಮ್ಮ ಪ್ರಾಧ್ಯಾಪಕರು ಉತ್ತರ ಕನ್ನಡದ ಕರಾವಳಿಯಾಚೆಯ ಕೆಲವು ದ್ವೀಪಗಳ ಸುತ್ತ ಯಾವ ಮೀನು ಎಷ್ಟಿದೆ ಎಂದು ಸಮೀಕ್ಷೆ ಮಾಡಲು ಹೊರಟಿದ್ದರು. ಬಂಡೆಯ ಸಂದಿನಲ್ಲಿರುವ ಮೀನು ಬಲೆಗೆ ಬೀಳುವುದಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಕೆಳಗಿಳಿದು, ತಳದಲ್ಲಿ ಹಾಸಿದ ಹಗ್ಗದ ಗುಂಟ ಈಜುತ್ತ, ಎರಡೂ ಬದಿಯಲ್ಲಿ ಕಂಡ ಮೀನುಗಳನ್ನು ಎಣಿಸಿ ಪ್ಲಾಸ್ಟಿಕ್ ಹಲಗೆಯ ಮೇಲೆ ಗುರುತು ಹಾಕಿಕೊಳ್ಳಬೇಕು. ಈ ಕೆಲಸಕ್ಕೆ ಹಿರಿಯ ಸಂಶೋಧಕರೊಬ್ಬರು ಆಗಲೇ ಇದ್ದರು. ಇನ್ನೊಬ್ಬರು ಬೇಕಾಗಿತ್ತು. ಇದ್ದದ್ದು ಒಂದೇ ಜಾಗ, ಅದು ನನ್ನದು ಎಂದು ನಾನು ತೀರ್ಮಾನಿಸಿದ್ದೆ. ಅವಳು "ನಂಗೂ ಈಜು ಕಲಿಸೇ" ಎಂದಾಗ ಒಪ್ಪಿಕೊಂಡದ್ದು ಸ್ನೇಹದಿಂದಲೇ. ಆದರೆ ಅವಳು ನನಗೆ ಎದುರಾಳಿ ಆಗಲಾರಳೆಂಬ ಭರವಸೆ ಇರದಿದ್ದರೆ ಒಪ್ಪುತ್ತಿದ್ದೆನೋ ಇಲ್ಲವೋ.

ಬಾವಿಯ ಮೆಟ್ಟಿಲ ಮೇಲೆ ಕೂತು ಅಜ್ಜಿ ನೋಡುತ್ತಿದ್ದರು.

"ಪಾವಗಡದೋಳ್ಗೆ ನೀರ್ ಕಂಡ್ರೆ ಕುಡ್ಯಾಕೆ ಆಸೆ ಆಗ್ಬೇಕು ಕಣಮ್ಮ. ಇವ್ಳು ಬೀಳಾಕೆ ಬಂದವ್ಳೆ."

"ಕುಡ್ದಿದ್ದೂ ಆಯ್ತಜ್ಜಿ," ಎಂದಳು ಅವಳು ಕೆಮ್ಮುತ್ತ, "ಅರ್ಧ ಬಾವಿ ನನ್ ಹೊಟ್ಟೆಯಾಗೇ ಐತೆ."

ಆ ಬೇಸಿಗೆ ಮುಗಿಯುವಷ್ಟರಲ್ಲಿ ಬುರುಡೆಯಿಲ್ಲದೆ ಹೇಗೋ ತೇಲತೊಡಗಿದಳು. ಕಾಲು ಮಾತ್ರ ಯಾವಾಗಲೂ ಕೆಳಕ್ಕೆ ಜೋತುಬೀಳುತ್ತಿದ್ದವು.

ಆಯ್ಕೆ ನಡೆದದ್ದು ಬೆಂಗಳೂರಿನ ಒಂದು ಈಜುಕೊಳದಲ್ಲಿ. ತರಬೇತಿ ಕೊಡಲು ಬಂದವರು ನೌಕಾಪಡೆಯಿಂದ ನಿವೃತ್ತರಾದವರು. ಅವರು ಕಲಿಸಿದ ಮೊದಲ ನಿಯಮ: ನೀರಿನೊಳಗೆ ಎಂದೂ ಉಸಿರು ಕಟ್ಟಬಾರದು. ಸಿಲಿಂಡರಿನ ಗಾಳಿಯನ್ನು ಎದೆಯಲ್ಲಿ ಹಿಡಿದುಕೊಂಡು ಮೇಲೆ ಬಂದರೆ ಅದು ಹಿಗ್ಗಿ ಶ್ವಾಸಕೋಶವೇ ಹರಿದುಹೋಗಬಹುದು. ನನಗೆ ಅರ್ಥವಾಯಿತು. ಆದರೆ ನಾನು ಬಾವಿಯಲ್ಲಿ ಬೆಳೆದವಳು. ಹಿತ್ತಾಳೆ ತಂಬಿಗೆಯನ್ನು ಬಾವಿಗೆ ಎಸೆದು ತಳದಿಂದ ಎತ್ತಿ ತರುವುದು ನಮ್ಮ ಆಟ. ಉಸಿರು ಕಟ್ಟಿದವರೇ ಗೆದ್ದವರು. ತಲೆ ನೀರಿಗಿಳಿದ ಕ್ಷಣ ನನ್ನ ಎದೆ ತಾನಾಗಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಕಟ್ಟೆಯ ಮೇಲೆ ನಿಂತ ತರಬೇತುದಾರರು ಗುಳ್ಳೆಗಳಿಗಾಗಿ ಕಾಯುತ್ತಿದ್ದರು. ಗುಳ್ಳೆ ಬರುತ್ತಿರಲಿಲ್ಲ. ಮತ್ತೆ ಇಳಿಸಿದರು, ಮತ್ತೆ ಹಾಗೇ ಆಯಿತು. ಪಕ್ಕದಲ್ಲಿ ಅವಳ ಗುಳ್ಳೆಗಳು ಒಲೆಯ ಮೇಲೆ ಬೇಳೆ ಕುದಿಯುವ ಹಾಗೆ ಒಂದೇ ಸಮನೆ ಬರುತ್ತಿದ್ದವು.

"ನೀವು ತುಂಬ ಚೆನ್ನಾಗಿ ಈಜ್ತೀರಮ್ಮ," ಎಂದರು ಅವರು ನನಗೆ. "ಅದೇ ತೊಂದರೆ. ಇವರಿಗೆ ಏನೂ ಗೊತ್ತಿಲ್ಲ. ಹೇಳಿದಷ್ಟು ಮಾಡ್ತಾರೆ."

ಜಾಗ ಅವಳಿಗೆ ಹೋಯಿತು. ನನಗೆ ಪ್ರಾಧ್ಯಾಪಕರು ಮಧುಗಿರಿ, ಕೊರಟಗೆರೆ, ಸಿರಾ ಕಡೆಯ ಕೆರೆಗಳಲ್ಲಿ ಬಲೆ ಹಾಕಿಸಿ ಮೀನು ಗುರುತಿಸುವ ಕೆಲಸ ಕೊಟ್ಟರು. "ಮನೆಗೂ ಹತ್ತಿರವಾಯ್ತಲ್ಲ," ಎಂದರು. ಹೌದು ಸಾರ್ ಎಂದೆ.

ನಾನು ಹೊಟ್ಟೆಕಿಚ್ಚು ಪಟ್ಟದ್ದು ಅವಳಿಗೆ ಸಿಕ್ಕ ಹೆಸರಿಗಲ್ಲ. ಅವಳು ಮೀನನ್ನು ಅದರ ಮನೆಯಲ್ಲೇ, ಜೀವಂತವಾಗಿ, ಅದರ ಪಾಡಿಗೆ ಅದು ಇರುವಾಗ ನೋಡುತ್ತಿದ್ದಳು. ನನಗೆ ಸಿಗುತ್ತಿದ್ದದ್ದು ಬಕೆಟ್ಟಿನಲ್ಲಿ ಬಾಯಿ ಬಿಡುತ್ತಿದ್ದ ಗೆಂಡೆ, ಕೊರವ. ಬೆಳಿಗ್ಗೆ ರೇಡಿಯೋದಲ್ಲಿ ಕರಾವಳಿಯಲ್ಲಿ ಬಿರುಗಾಳಿ ಎಂದರೆ ನನ್ನ ತಿಂಡಿ ರುಚಿಯಾಗುತ್ತಿತ್ತು. ಅದರ ನಡುವೆಯೇ, ಯಾರಿಗೂ ಹೇಳದೆ, ಬಾವಿಯಲ್ಲಿ ಹೊಸ ಅಭ್ಯಾಸ ಹಿಡಿದಿದ್ದೆ. ಗುಂಯ್ ಎಂದು ಸ್ವರ ಹೊರಡಿಸುತ್ತಲೇ ಮುಳುಗುವುದು. ಸ್ವರ ಬರುತ್ತಿರುವಷ್ಟು ಹೊತ್ತು ಉಸಿರು ಕಟ್ಟಲಾಗದು. ಕೆಲವು ತಿಂಗಳಲ್ಲಿ ಎದೆ ಮಾತು ಕೇಳಿತು. ಈಗ ಕರೆದರೆ ನಾನು ಸಿದ್ಧಳಿದ್ದೆ.

ಮೊದಲ ಸಲದ ಸಮೀಕ್ಷೆ ಮುಗಿಸಿ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಅವಳು ನಮ್ಮ ಮನೆಯಲ್ಲಿ ಒಂದು ದಿನ ಇಳಿದಳು. ಬಿಸಿಲಿಗೆ ಕಪ್ಪಾಗಿದ್ದಳು. ಮಾಸ್ಕ್ ಕೂರುವ ಕಡೆ ಮಾತ್ರ ಹಣೆಯಿಂದ ಕೆನ್ನೆಯವರೆಗೆ ಬಣ್ಣ ತಿಳಿಯಾಗಿ ಉಳಿದಿತ್ತು. ನಾನು ಅದನ್ನು ನೋಡದಿರಲು ಪ್ರಯತ್ನಿಸಿದೆ.

"ಮೀನ್ ಎಣ್ಸಾಕೆ ಸಂಬ್ಳ ಕೊಡ್ತಾರಂತಾ?" ಎಂದು ಅಜ್ಜಿ ವಿಚಾರಿಸಿದರು. "ಇಡ್ಯಾಕಾದ್ರೂ ಕೊಡ್ಬೋದು."

"ಇಡ್ಯಂಗಿಲ್ಲ ಅಜ್ಜಿ. ನೋಡ್ಬೇಕು, ಬರ್ಕಬೇಕು, ಬುಟ್ಬುಟ್ಟು ಬರ್ಬೇಕು."

"ಅಂಗಾದ್ರೆ ನೀನ್ ಎಣ್ಸಿದ್ದು ಸುಳ್ಳೋ ದಿಟವೋ ಯಾರ್ ಕಂಡೋರು?"

ಅವಳ ಮುಖ ಸಣ್ಣಗಾಯಿತು. ಸಂಜೆ ಜಗುಲಿಯಲ್ಲಿ ನಾವಿಬ್ಬರೇ ಇದ್ದಾಗ ಹೇಳಿದಳು.

"ಅಜ್ಜಿ ತಮಾಷೆಗೆ ಅಂದ್ರು, ಅದೇ ನಡೀತಿರೋದು ಕಣೇ. ನನ್ ಜೊತೆ ಇಳಿಯೋ ಆ ಹಿರಿಯರದೂ ನಂದೂ ಒಂದೇ ಹಗ್ಗ, ಒಂದೇ ದಿನ. ನನ್ನ ಲೆಕ್ಕ ಮಾತ್ರ ಯಾವಾಗ್ಲೂ ಜಾಸ್ತಿ. ಮುಂದಿನ ಸಲಾನೂ ಇಂಗೇ ಆದ್ರೆ ನನ್ನ ತೆಗೆದು ನಿನ್ನ ಕರೆಸ್ತಾರಂತೆ. ಸಾರ್ ನೇರವಾಗೇ ಅಂದ್ರು."

ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದೆ. ನನ್ನ ಮುಖ ಅವಳಿಗೆ ಕಾಣುವುದು ಬೇಡವಾಗಿತ್ತು. ಲೋಟ ಹಿಡಿದು ಬಂದ ಮೇಲೆ, ಅವಳು ಎಷ್ಟು ಕೆಟ್ಟದಾಗಿ ಈಜುತ್ತಾಳೆಂದು ಅವಳ ಬಾಯಿಂದಲೇ ಕೇಳುವ ಚಪಲಕ್ಕೆ ಒಂದೊಂದಾಗಿ ಪ್ರಶ್ನೆ ಹಾಕಿದೆ.

"ಕಾಲು ಈಗಲೂ ಇಳೀತಾವಾ?"

"ಇಳೀತಾವೆ. ಕಾಲಿಗೆ ಹಾಕೋ ರಬ್ಬರ್ ರೆಕ್ಕೆ ಮರಳಿಗೆ ಬಡೀತೈತೆ. ಹಿಂದೆಲ್ಲ ಧೂಳೆದ್ದಂಗೆ."

"ಮೀನು ಹೆದರಿ ಓಡಲ್ವಾ?"

"ಓಡೋದಾ? ನನ್ ಹಿಂದೇನೇ ಬರ್ತಾವೆ. ಪಕ್ಕದಾಗೆ ದಾಟಿ ಮುಂದಕ್ಕೂ ಹೋಗ್ತಾವೆ. ಅವರನ್ನ ಕಂಡ್ರೆ ದೂರ, ನನ್ನ ಕಂಡ್ರೆ ಪ್ರೀತಿ."

ಅಷ್ಟು ಸಾಕಾಯಿತು. ನೇಗಿಲು ಹೊರಟರೆ ಬೆಳ್ಳಕ್ಕಿ ಹಿಂದೆ ಬರುವುದು ಪ್ರೀತಿಗಲ್ಲ, ಮಣ್ಣಿನಿಂದ ಏಳುವ ಹುಳಕ್ಕೆ. ಇವಳು ಮರಳು ಕೆದಕುತ್ತ ಹೋಗುತ್ತಾಳೆ, ಮೀನು ತಿನ್ನಲು ಹಿಂಬಾಲಿಸುತ್ತವೆ, ಅವಳನ್ನು ದಾಟುತ್ತವೆ, ಮುಂದೆ ಕಂಡವನ್ನು ಅವಳು ಹೊಸದೆಂದು ಮತ್ತೆ ಎಣಿಸುತ್ತಾಳೆ. ತರಬೇತುದಾರರಿಗೆ ಇದು ಹೊಳೆಯಲಿಲ್ಲ, ಏಕೆಂದರೆ ಅವರು ನೋಡಿದ್ದು ಮರಳಿಲ್ಲದ, ಟೈಲ್ಸ್ ಹಾಸಿದ ಕೊಳದಲ್ಲಿ. ಸುಮ್ಮನಿದ್ದರೆ ಸಾಕು, ಆ ಜಾಗ ನನ್ನದು. ನಾನು ಸುಮ್ಮನೆ ಅವಳ ಲೋಟ ತೆಗೆದಿಟ್ಟೆ.

ಮರುದಿನ ಪಾವಗಡದ ಬಸ್ಸಿಗೆ ಕಾಯುತ್ತ ನಿಂತಾಗ ಹೇಳಿದೆ. ಔದಾರ್ಯ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಆ ತಪ್ಪು ಲೆಕ್ಕ ದ್ವೀಪದ ಲೆಕ್ಕವಾಗಿ ಅಚ್ಚಾಗುತ್ತದೆಂಬುದು ಹಲ್ಲಿನ ಸಂದಿಯ ನಾರಿನಂತೆ ನನ್ನನ್ನು ಬೆಳಗಿನವರೆಗೂ ಬಿಟ್ಟಿರಲಿಲ್ಲ, ಅಷ್ಟೆ.

"ಹಿಂದಿನಿಂದ ಬಂದದ್ದನ್ನ ಎಣಿಸಬೇಡ. ಮುಳುಗೋಕೆ ಸೊಂಟಕ್ಕೆ ಕಟ್ತಾರಲ್ಲ, ಆ ಸೀಸದ ಪಟ್ಟಿ ಸ್ವಲ್ಪ ಮೇಲಕ್ಕೆ ಕಟ್ಟಿಕೋ, ಕಾಲು ಏಳುತ್ತವೆ. ಮರಳು ಮುಟ್ಟಬೇಡ."

ಅವಳು ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. "ಏಮೇ, ನಿನ್ನೆ ಸಂಜೇನೇ ಗೊತ್ತಾಗಿತ್ತಾ ನಿಂಗೆ?"

"ಗೊತ್ತಾಗಿತ್ತು."

"ಮತ್ತೆ?"

"ಯೋಚನೆ ಮಾಡ್ತಿದ್ದೆ."

"ನಾನಾಗಿದ್ರೆ ಇನ್ನೂ ಯೋಚ್ನೆ ಮಾಡ್ತಾನೇ ಇರ್ತಿದ್ದೆ," ಎಂದು ನಕ್ಕು, ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದು ಹತ್ತಿದಳು.

ಮುಂದಿನ ಸಲ ಇಬ್ಬರ ಲೆಕ್ಕವೂ ಹೊಂದಿತು. ಅವಳು ಪ್ರಾಧ್ಯಾಪಕರಿಗೆ ನನ್ನ ಹೆಸರು ಹೇಳಿದ್ದಳು. ಹೇಳದಿದ್ದರೆ ಕೊನೆಪಕ್ಷ ದೂರಲು ನನಗೊಂದು ಕಾರಣವಿರುತ್ತಿತ್ತು. "ನೀವೇ ತಿದ್ದಿದ್ದಂತೆ, ಬಹಳ ಸಂತೋಷ," ಎಂದ ಅವರು ನನ್ನ ಕೆಲಸಕ್ಕೆ ಪಾವಗಡ ತಾಲ್ಲೂಕಿನ ಕೆರೆಗಳನ್ನೂ ಸೇರಿಸಿದರು.

ಹಾಗೆ ಒಂದು ಮಧ್ಯಾಹ್ನ ನಿಡುಗಲ್ ಬೆಟ್ಟದ ಬುಡದ ಕಡೆ ಒಂದು ಕೆರೆಯಲ್ಲಿ, ಮೊಣಕಾಲು ಮುಟ್ಟದ ನೀರಿನಲ್ಲಿ ಬಲೆ ಹಿಡಿದು ನಿಂತಿದ್ದೆ. ಅದೇ ಹೊತ್ತಿಗೆ ಅವಳು ದೋಣಿಯ ಅಂಚಿನಿಂದ ಬೆನ್ನಡಿಯಾಗಿ ಕಡಲಿಗೆ ಬೀಳುತ್ತಿರಬಹುದು. ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಹೆಂಗಸು ಕೇಳಿದಳು:

"ಏನ್ ಹುಡುಕ್ತಿದ್ದೀಯವ್ವಾ?"

"ಮೀನು."

"ಈ ನೀರ್ನಾಗಾ? ಮೀನ್ ಬೇಕಂದ್ರೆ ಸಮುದ್ರುಕ್ಕೋಗ್ಬೇಕು ಕಣಮ್ಮ."

"ಅಲ್ಲಿ ಜಾಗ ಇಲ್ಲ," ಎಂದೆ.

"ಅಷ್ಟ್ ದೊಡ್ ಸಮುದ್ರುದಾಗಾ?" ಎಂದು ಆಕೆ ನಿಜವಾಗಿಯೂ ಆಶ್ಚರ್ಯಪಟ್ಟು ನಿಂತುಬಿಟ್ಟಳು. ನಾನು ಬಲೆಯನ್ನು ಇನ್ನೊಂದು ಸಲ ಎಳೆದೆ.