ಟ್ಯಾಪೆಟ್ ಪ್ಯಾಕಿಂಗ್ ಮತ್ತು ದೌಂಡದ ದಾರಿ

ಕಳೆದ ಚಳಿಗಾಲದಲ್ಲಿ ಕೆಲವು ದಿನ ನನ್ನ ಕಾರಿನೊಳಗೆ ಯಾರೋ ಹಪ್ಪಳ ಕರಿಯುತ್ತಿದ್ದರು. ಪುಣೆಯ ಖಡಕಿ ಬಜಾರದ ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಬರುವ ವಾಸನೆ ಅದು. ಹಸಿರು ದೀಪ ಬಿದ್ದು ಗಾಡಿ ಹೊರಟಿತೋ, ಮಾಯ. ಮೊದಮೊದಲು ಆ ಪರಿಮಳದ ಕರ್ತೃತ್ವವನ್ನು ಪಕ್ಕದ ವಡಾಪಾವ್ ಗಾಡಿಯವನಿಗೆ ಧಾರಾಳವಾಗಿ ಕೊಟ್ಟುಬಿಟ್ಟಿದ್ದೆ. ವಡಾಪಾವ್ ಇಲ್ಲದ ಸಿಗ್ನಲ್ಲುಗಳಲ್ಲೂ ಅದು ಬರತೊಡಗಿದಾಗ ಮೂಗಿಗೆ ವಯಸ್ಸಾಯಿತೆಂದು ಸಮಾಧಾನ ಮಾಡಿಕೊಂಡೆ. ಒಂದು ಬೆಳಿಗ್ಗೆ ಬಾನೆಟ್ಟಿನ ಸಂದಿಯಿಂದ ಊದುಬತ್ತಿಯದರಂಥ ಒಂದು ಎಳೆ ಹೊಗೆ ಎದ್ದು ನನ್ನ ಕಣ್ಣೆದುರೇ ಗಾಳಿಯಲ್ಲಿ ಕರಗಿತು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವನು ನಾನು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಲೇಬೇಕು ಎಂಬ ಪಾಠದಿಂದಲೇ ವರ್ಷವರ್ಷವೂ ಹೊಸ ತರಗತಿಯನ್ನು ಆರಂಭಿಸಿದವನು. ಬೆಟ್ಟದ ವಿಷಯದಲ್ಲಿ ಅಷ್ಟು ನಿಸ್ಸಂದೇಹವಾಗಿದ್ದ ನನಗೆ ನನ್ನದೇ ಬಾನೆಟ್ಟಿನ ವಿಷಯದಲ್ಲಿ ಅನುಮಾನಪ್ರಮಾಣ ಒದಗಿ ಬರಲು ಮೂರು ವಾರ ಹಿಡಿಯಿತು ನೋಡಿ.

ಬಿಡಿಭಾಗಗಳ ಅಂಗಡಿಯ ಈರಪ್ಪ ವಿಜಯಪುರದ ಕಡೆಯವರು. ಕನ್ನಡ ಮಾತಾಡಲು ಒಂದು ನೆಪ ಬೇಕಾದಾಗ ನಾನು ಅವರಲ್ಲಿ ಹೋಗಿ ವೈಪರಿನ ರಬ್ಬರನ್ನೋ, ದೀಪದ ಬಲ್ಬನ್ನೋ ಕೊಳ್ಳುವುದುಂಟು. ಅಂದು ಅವರೇ ಅಂಗಡಿಯಿಂದಿಳಿದು ಬಂದು ಬಾನೆಟ್ ಎತ್ತಿ ನೋಡಿದರು.

"ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗ್ಯಾದ್ರಿ ಸರ. ಎಷ್ಟು ವರ್ಷದ ಗಾಡಿ?"

"ಹದಿನಾಕು."

"ರಬ್ಬರ್ ಅಲ್ಲೇನ್ರಿ, ಒಣಗಿ ಕಟ್ಟಿಗಿ ಆಗಿರ್ತದ. ಗ್ಯಾರೇಜಿಗೆ ಬಿಡ್ರಿ, ಒಂದು ತಾಸಿನ ಕೆಲಸ."

ಎಂಜಿನ್ನಿನ ನೆತ್ತಿಯ ಮೇಲೆ ಡಬ್ಬಿಗೆ ಮುಚ್ಚಳವಿದ್ದಂತೆ ಒಂದು ಕವಚವಿದೆ. ಮುಚ್ಚಳಕ್ಕೂ ಡಬ್ಬಿಗೂ ನಡುವೆ ತೆಳ್ಳಗಿನ ರಬ್ಬರಿನ ಪಟ್ಟಿ. ಅದು ಬಿರುಸಾದರೆ ಒಳಗಿನ ಎಣ್ಣೆ ಜಿನುಗಿ ಕಾದ ಕೊಳವೆಯ ಮೇಲೆ ಬಿದ್ದು ಸುಡುತ್ತದೆ. ನನ್ನ ಹಪ್ಪಳದ ರಹಸ್ಯ ಇಷ್ಟೇ. ಸಂಸ್ಕೃತದಲ್ಲಿ ಎಣ್ಣೆಗೂ ಅಕ್ಕರೆಗೂ 'ಸ್ನೇಹ' ಎಂಬ ಒಂದೇ ಮಾತು ಇರುವುದನ್ನು ಹೇಳಿ ವಿದ್ಯಾರ್ಥಿಗಳನ್ನು ಎಷ್ಟೋ ಸಲ ನಗಿಸಿದ್ದೆ, ಈರಪ್ಪನವರಿಗೂ ಹೇಳಿದೆ. ಅವರು ನಗಲಿಲ್ಲ. ನಾನು ಆ ಕೆಲಸವನ್ನು ಮನೆಯಲ್ಲೇ ಮಾಡುತ್ತೇನೆಂದಾಗ ಮಾತ್ರ ನನ್ನ ಬೆರಳುಗಳನ್ನು ನೋಡಿ ಚೆನ್ನಾಗಿ ನಕ್ಕರು.

ಯಾಕೆ ಗ್ಯಾರೇಜಿಗೆ ಬಿಡಲಿಲ್ಲ ಎಂದು ನೀವೂ ಕೇಳಬಹುದು. ಅವರು ಒಂದು ತಾಸಿನಲ್ಲಿ ಮುಗಿಸಿಬಿಡುತ್ತಾರೆ, ಅದಕ್ಕೇ. ನಿವೃತ್ತನಾಗಿ ಒಂದು ವರ್ಷವಾಗಿತ್ತು. ಬೆಳಗಿನ ಚಹಾ, ಪತ್ರಿಕೆ, ಸ್ನಾನ ಎಲ್ಲವನ್ನೂ ಎಷ್ಟೇ ಸಾವಧಾನವಾಗಿ ಮಾಡಿದರೂ ಹತ್ತು ಗಂಟೆಗೆಲ್ಲ ಮುಗಿದುಹೋಗುತ್ತಿತ್ತು. ಆಮೇಲೆ ಉಳಿದ ದಿನವಿಡೀ ಮೂರು ಕೋಣೆಯ ಮನೆಯಲ್ಲಿ ನನ್ನ ಚಪ್ಪಲಿಯ ಸಪ್ಪಳವನ್ನು ನಾನೇ ಕೇಳಿಕೊಂಡಿರಬೇಕು. ಇನ್ನೊಂದು ಕಾರಣವೂ ಇತ್ತು. ನನಗೆ ದೌಂಡಕ್ಕೆ ಹೋಗಬೇಕಾಗಿತ್ತು, ಅದಕ್ಕೆ ಧೈರ್ಯ ತಂದುಕೊಳ್ಳಲು ಒಂದು ತಾಸು ಸಾಲುತ್ತಿರಲಿಲ್ಲ.

ನನ್ನ ಹೆಂಡತಿ ಗಿರಿಜಾ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಮೂರು ವರ್ಷದ ಹಿಂದೆ ವರ್ಗವಾಗಿ ಹೋದಳು. ನಮಗೆ ಮಕ್ಕಳಿಲ್ಲ. ಹೋದ ಹೊಸದರಲ್ಲಿ ಪ್ರತಿ ಶನಿವಾರ ಸಂಜೆ ರೈಲಿಗೆ ಬಂದು ರವಿವಾರ ಸಂಜೆ ಮರಳುತ್ತಿದ್ದಳು. ಮೊದಲ ತಿಂಗಳು, "ಒಮ್ಮೆ ಬಂದು ಕ್ವಾರ್ಟರ್ಸ್ ನೋಡ್ರಲ್ಲ" ಎಂದಿದ್ದಳು. "ಹೆಂಗೂ ವಾರವಾರ ನೀನೇ ಬರ್ತೀಯಲ್ಲ" ಎಂದು ನಾನು ತರ್ಕಬದ್ಧವಾದ ಉತ್ತರ ಕೊಟ್ಟೆ. ಅವಳು ಮತ್ತೆ ಕರೆಯಲಿಲ್ಲ. ವಾರಕ್ಕೊಮ್ಮೆ ಎಂಬುದು ಹದಿನೈದು ದಿನಕ್ಕೊಮ್ಮೆ ಆಯಿತು, ತಿಂಗಳಿಗೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೆ ಬಂದರೆ ಬಂದಳು. ಜಗಳವಾಡಿದ್ದೇವೆಂದುಕೊಳ್ಳಬೇಡಿ, ಜಗಳಕ್ಕೆ ಬೇಕಾದಷ್ಟು ಮಾತೂ ನಮ್ಮಲ್ಲಿ ಉಳಿದಿರಲಿಲ್ಲ. ದಿನಾ ಬೆಳಿಗ್ಗೆ ಫೋನು ಮಾಡಿ, "ಊಟ ಸರಿ ಆಗ್ತದಲ್ಲ? ನಿದ್ದಿ ಬರ್ತದಲ್ಲ? ಬಿಪಿ ಗುಳಿಗಿ ತಗೊಂಡ್ರಿ?" ಎಂದು ಕೇಳುತ್ತಿದ್ದಳು. ಎಲ್ಲಕ್ಕೂ ಹೌದೆನ್ನುತ್ತಿದ್ದೆ. ಹೊಗೆ ಕಂಡ ಆ ದಿನಗಳಲ್ಲೇ ಒಮ್ಮೆ, ಫೋನಿಟ್ಟ ಮೇಲೆ ಹೊಳೆಯಿತು: ಇವು ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ನಡೆಯುತ್ತ ಕೇಳುವ ಪ್ರಶ್ನೆಗಳು. ಪತಿ ಎಂಬ ಪದವಿಯಿಂದ ನಾನು ಹೊರರೋಗಿಯ ದರ್ಜೆಗೆ ಇಳಿದು ಎಷ್ಟು ದಿನವಾಗಿತ್ತೋ, ಯಾರೂ ನೋಟೀಸು ಕೊಟ್ಟಿರಲಿಲ್ಲ.

ಗುರುವಾರ ಬೆಳಿಗ್ಗೆ ಕೆಳಗಿನ ಪಾರ್ಕಿಂಗಿನಲ್ಲಿ ಹಳೆಯ ಪಂಚೆ ಹಾಸಿ ಕೆಲಸ ಆರಂಭಿಸಿದೆ. ಫೋನಿನ ವಿಡಿಯೋದಲ್ಲಿ ಯಾವನೋ ಪುಣ್ಯಾತ್ಮ ತೋರಿಸಿದಂತೆ ಪ್ಲಗ್ಗಿನ ವೈರುಗಳನ್ನು ಬಿಚ್ಚಿ, ಎಲ್ಲಿಯದು ಎಲ್ಲಿಗೆಂದು ಒಂದೊಂದಕ್ಕೂ ಚೀಟಿ ಅಂಟಿಸಿದೆ. ಬೋಲ್ಟುಗಳು ಸಲೀಸಾಗಿ ಬಂದವು. ಮುಚ್ಚಳ ಮಾತ್ರ ಹದಿನಾಲ್ಕು ವರ್ಷದ ಸಹವಾಸವನ್ನು ಬಿಡಲೊಲ್ಲದೆ ಕೂತಿತ್ತು. ರಬ್ಬರಿನ ಸುತ್ತಿಗೆಯಿಂದ ನಾಲ್ಕು ಕಡೆ ಮೆತ್ತಗೆ ತಟ್ಟಿದ ಮೇಲೆ ನಿಟ್ಟುಸಿರಿನಂಥ ಸಣ್ಣ ಸದ್ದು ಮಾಡಿ ಎದ್ದುಬಂತು. ಹಳೆಯ ಪಟ್ಟಿಯನ್ನು ಹಿಡಿದು ಎಳೆದರೆ ಚಕ್ಕುಲಿಯಂತೆ ಪಟಪಟ ಮುರಿಯಿತು. ಅದರ ಒಂದು ಚೂರೂ ಎಂಜಿನ್ನಿನೊಳಗೆ ಬೀಳದಂತೆ, ಕಿಟ್ಟವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ಬಟ್ಟೆಯಿಂದ ಒರೆಸುವುದರಲ್ಲೇ ಎರಡು ತಾಸು ಹೋದವು. ಆ ಎರಡು ತಾಸಿನಲ್ಲಿ ನಮ್ಮ ಕಟ್ಟಡದ ಹನ್ನೆರಡು ಜನ ನನ್ನ ಪಕ್ಕದಲ್ಲಿ ಹಾದುಹೋದರು. ಒಬ್ಬರು 'ಗುಡ್ ಮಾರ್ನಿಂಗ್' ಎಂದರು. ಉಳಿದವರು ನನ್ನನ್ನು ಮೆಕ್ಯಾನಿಕ್ ಎಂದುಕೊಂಡಿರಬೇಕು.

ಹೊಸ ಪಟ್ಟಿಯನ್ನು ಮುಚ್ಚಳದ ಅಂಚಿನ ತೋಡಿನಲ್ಲಿ ಕೂಡಿಸಿ, ಮೂಲೆಗಳಿಗೆ ಸಿಲಿಕೋನ್ ಹಚ್ಚಿ, ಬೋಲ್ಟುಗಳನ್ನು ಹಾಕಿ, ಇನ್ನು ಈ ಜನ್ಮದಲ್ಲಿ ಹನಿ ಎಣ್ಣೆ ಹೊರಬರಬಾರದೆಂದು ಹಲ್ಲು ಕಚ್ಚಿ ಇದ್ದಷ್ಟೂ ಬಲದಿಂದ ಬಿಗಿದೆ. ಮರುದಿನ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಕಾದರೆ, ಮೊದಲು ಜಿನುಗುತ್ತಿದ್ದ ಎಣ್ಣೆ ಈಗ ಧಾರೆಯಾಗಿ ಇಳಿಯುತ್ತಿತ್ತು.

"ಎಷ್ಟು ಗಟ್ಟಿ ತಿರುವಿದ್ರಿ ಸರ?" ಎಂದರು ಈರಪ್ಪ.

"ಕೈಯಾಗ ಇದ್ದಷ್ಟೂ ಶಕ್ತಿ ಹಾಕಿದೆ."

"ಅದಕ್ಕs ಸೋರ್ತದ್ರಿ. ಗಟ್ಟಿ ಮಾಡಿದಷ್ಟೂ ರಬ್ಬರ್ ಹಿಸುಕಿ ಹೊರಗ ಬರ್ತದ. ನಡುವಿಂದ ಸುರು ಮಾಡ್ರಿ. ಎಲ್ಲಾದಕ್ಕೂ ಸ್ವಲ್ಪ ಸ್ವಲ್ಪ, ಮತ್ತ ಮೊದಲಿಂದ ಸ್ವಲ್ಪ ಸ್ವಲ್ಪ. ರಬ್ಬರ್ ಕೂತಿತು ಅಂದ್ರ ನಿಮ್ಮ ಕೈಗೇ ಗೊತ್ತಾಗ್ತದ." ಇನ್ನೊಂದು ಪಟ್ಟಿಯನ್ನು ಕಾಗದದಲ್ಲಿ ಸುತ್ತುತ್ತ ಕೇಳಿದರು: "ಇಷ್ಟು ಅವಸರ ಯಾಕ್ರಿ? ಎಲ್ಲಿಗರ ಹೊಂಟೀರೇನು?"

"ದೌಂಡಕ್ಕ. ನಮ್ಮ ಮನಿಯವರು ಅಲ್ಲಿರ್ತಾರ."

ಐದು ವರ್ಷದಿಂದ ನನ್ನನ್ನು ಬಲ್ಲ ಈರಪ್ಪ ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನನಗೆ ಹೆಂಡತಿ ಇರುವುದು ಅವರಿಗೆ ತಿಳಿದದ್ದು ಆಗಲೇ. "ಹಂಗಾರ ಸಾವಕಾಶ ಮಾಡ್ರಿ" ಎಂದಷ್ಟೇ ಹೇಳಿದರು.

ಸಾವಕಾಶವಾಗಿಯೇ ಮಾಡಿದೆ. ಶನಿವಾರ ಸಂಜೆಗೆ ಮುಚ್ಚಳ ಒಣಗಿ ನಿಂತಿತ್ತು. ಬೆರಳಾಡಿಸಿದರೆ ಎಣ್ಣೆಯ ಪಸೆ ಇರಲಿಲ್ಲ. ರವಿವಾರ ಬೆಳಗಿನ ಫೋನಿನಲ್ಲಿ ಗಿರಿಜಾ ಗುಳಿಗೆಯ ಪ್ರಶ್ನೆ ಮುಗಿಸುವುದರೊಳಗೆ ಹೇಳಿದೆ: "ನಾ ಅಲ್ಲಿಗೆ ಬರ್ಲಿಕ್ಕತ್ತೀನಿ. ಗಾಡಿ ತಗೊಂಡು."

"ಯಾಕ? ಆರಾಮ ಇದ್ದೀರಲ್ಲ?" ಎಂದಳು. ದನಿಯಲ್ಲಿ ನಿಜವಾದ ಗಾಬರಿಯಿತ್ತು. ಹೆಂಡತಿಯನ್ನು ನೋಡಲು ಬರುತ್ತೇನೆಂದರೆ ಗಂಡನಿಗೆ ಏನೋ ಕಾಯಿಲೆಯಾಗಿರಬೇಕೆಂದು ಅವಳು ಊಹಿಸಿದ್ದರಲ್ಲಿ ತರ್ಕದೋಷವೇನೂ ಇರಲಿಲ್ಲ.

ಸೋಲಾಪುರದ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದ ಮೇಲೆ ಎರಡೂ ಬದಿ ಕಬ್ಬು. ನಡುನಡುವೆ ನಿಲ್ಲಿಸಿ ಬಾನೆಟ್ ಎತ್ತಿ ನೋಡುತ್ತ, ಹನ್ನೊಂದಕ್ಕೆ ಮುಟ್ಟಬೇಕಾದವನು ಹನ್ನೆರಡೂವರೆಗೆ ಮುಟ್ಟಿದೆ. ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಪಕ್ಕದ ಮನೆಯ ಹೆಂಗಸಿಗೆ ನಾನು ಯಾರೆಂದು ಮರಾಠಿಯಲ್ಲಿ ಹೇಳಿಕೊಂಡೆ. ಅವಳು ಎದ್ದು ನಿಂತು ಒಳಗಿನವರಿಗೆ ಕೂಗಿ ಹೇಳಿದಳು: "ಅಗೊ, ತಾಈಂಚೇ ಮಿಸ್ಟರ ಖರಂಚ ಆಹೇತ!" ಅಕ್ಕನ ಗಂಡ ಎಂಬುವವರು ನಿಜವಾಗಿಯೂ ಇದ್ದಾರಂತೆ. ನನ್ನ ಅಸ್ತಿತ್ವ ಆ ಓಣಿಯಲ್ಲಿ ಮೂರು ವರ್ಷ ಸಂದಿಗ್ಧವಾಗಿತ್ತೆಂದು ಆಗ ತಿಳಿಯಿತು.

ಬಾಗಿಲ ಬಳಿ ಒಂದು ನೀಲಿ ಸೈಕಲ್ಲಿತ್ತು. ಪಕ್ಕದ ಮನೆಯದೆಂದುಕೊಂಡು ಸರಿಸಲು ಕೈಹಾಕಿದೆ. "ಅದು ನಂದೇ. ಸ್ಟ್ಯಾಂಡ್ ಸಡ್ಲ ಅದ, ಹಗೂರ್ಕ" ಎಂದಳು ಒಳಗಿನಿಂದ ಬಂದ ಗಿರಿಜಾ. ಐವತ್ತಾರನೆಯ ವಯಸ್ಸಿನಲ್ಲಿ ನನ್ನ ಹೆಂಡತಿ ಸೈಕಲ್ ಹೊಡೆಯುವುದನ್ನು ಕಲಿತಿದ್ದಳು, ನನಗೆ ಗೊತ್ತಿರಲಿಲ್ಲ. ಮನೆ ಎರಡೇ ಕೋಣೆ. ಕಿಟಕಿಗೆ ಅವಳೇ ಹೊಲಿದ ಪರದೆ, ಗೂಟಕ್ಕೆ ಇಸ್ತ್ರಿಯಾದ ಎರಡು ಜೊತೆ ಸಮವಸ್ತ್ರ, ಒಂದೇ ಕುರ್ಚಿ. ಕುರ್ಚಿಯಲ್ಲಿ ನನ್ನನ್ನು ಕೂಡಿಸಿ ಅವಳು ರೊಟ್ಟಿ ಬಡಿಯತೊಡಗಿದಳು.

ಹಂಚಿನ ಕಡೆಗೇ ಮುಖ ಮಾಡಿಕೊಂಡು ಹೇಳಿದಳು: "ಹ್ವಾದ ವರ್ಷ ವಾಪಸ್ ಪುಣೆಕ್ಕ ಬದಲಿ ಕೊಟ್ಟಿದ್ರು. ನಾ ಬ್ಯಾಡ ಅಂದೆ."

"ನನಗ ಹೇಳಲೇ ಇಲ್ಲ."

"ನೀವು ಕೇಳಿದ್ರ ಹೇಳ್ತಿದ್ದೆ." ರೊಟ್ಟಿ ತಿರುವಿ ಹಾಕಿದಳು. "ಶನಿವಾರ ಬಂದು ಅಡಿಗಿ ಮಾಡ್ತಿದ್ದೆ, ವಾರದ ಅರಿವಿ ಒಗೀತಿದ್ದೆ, ರವಿವಾರ ಚೀಲ ಹಿಡ್ಕೊಂಡು ಸ್ಟೇಷನ್ನಿಗೆ ಹೋಗ್ತಿದ್ದೆ. ಎಷ್ಟ್ಗಂಟಿ ಗಾಡಿ ಅಂತ ಕೇಳ್ತಿದ್ರಿ. ಒಂದು ಸಲ ಬಿಡ್ಲಿಕ್ಕೆ ಬಂದ್ರೇನು?"

ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ ಎಂಬ ನನ್ನ ಅಂದಿನ ಉತ್ತರ ನಾಲಿಗೆಯ ತುದಿಗೆ ಬಂತು. ಜೀವಮಾನದಲ್ಲಿ ಮೊದಲ ಸಲ ಒಂದು ಸರಿಯಾದ ಹೇತುವನ್ನು ನುಂಗಿಕೊಂಡೆ. ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. ಸಿಟ್ಟಿಗೆ ನಾನು ಏನಾದರೂ ಹೇಳಬಹುದಿತ್ತು. ಅವಳು ಮಾಡಿದ್ದು ಬರೀ ನಡೆದದ್ದರ ವರದಿ. ಬದನೆಕಾಯಿ ಪಲ್ಯದೊಂದಿಗೆ ಮೂರು ರೊಟ್ಟಿ ತಿಂದೆ, ರುಚಿ ನೆನಪಿಲ್ಲ. ತಿಂದ ತಾಟನ್ನು ನಾನೇ ತೊಳೆದಿಟ್ಟೆ. ಅವಳು ಬೇಡವೆನ್ನಲಿಲ್ಲ, ಹೊಗಳಲೂ ಇಲ್ಲ.

ಕೈ ಒರೆಸಿಕೊಂಡು ಬಾಗಿಲ ಕಡೆ ನೋಡುತ್ತ ಕೇಳಿದೆ: "ಸೈಕಲ್ ಕಲಿಯುವಾಗ ಬಿದ್ದಿದ್ದೇನು?"

ಅವಳು ನನ್ನನ್ನು ನೋಡಿದಳು. ಈ ಪ್ರಶ್ನೆ ಯಾವ ರೋಗದ ಲಕ್ಷಣವಿರಬಹುದೆಂದು ಯೋಚಿಸಿದಳೋ ಏನೋ. ಆಮೇಲೆ ತೋಳು ಮಡಚಿ ಮೊಣಕೈಯ ಹತ್ತಿರದ ಕಲೆಯನ್ನು ತೋರಿಸಿದಳು. "ಬಿದ್ದಿದ್ದೇನಂತ ಕೇಳ್ತೀರಿ? ಎಮ್ಮಿಗೇ ಹೋಗಿ ಹೊಡದೆ!" ಪಕ್ಕದ ಮನೆಯವಳು ಹಿಂದಿನಿಂದ ಹಿಡಿದಿದ್ದೇನೆಂದು ಸುಳ್ಳು ಹೇಳಿ ಕೈಬಿಟ್ಟದ್ದು, ಬ್ರೇಕ್ ಎಲ್ಲಿದೆಯೆಂಬುದೇ ಮರೆತದ್ದು, ತರಚಿದ ಕೈಗೆ ತಾನೇ ಪಟ್ಟಿ ಕಟ್ಟಿಕೊಂಡು ಡ್ಯೂಟಿಗೆ ಹೋದಾಗ ರೋಗಿಗಳೇ ಅವಳನ್ನು ಏನಾಯಿತೆಂದು ವಿಚಾರಿಸಿದ್ದು, ಎಲ್ಲವನ್ನೂ ಹೇಳಿದಳು. ಹೇಳುತ್ತ ನಕ್ಕಳು. ನಾನೂ ನಕ್ಕೆ. ಇದೆಲ್ಲ ಎರಡು ವರ್ಷದ ಹಿಂದಿನ ಮಾತು. ಆ ಕೈ ತರಚಿದ ಮರುದಿನವೂ ಅವಳು ಫೋನು ಮಾಡಿರಬೇಕು, ನಾನು ಗುಳಿಗೆ ತೆಗೆದುಕೊಂಡೆನೆಂದು ಹೇಳಿರಬೇಕು.

"ರಿಟೈರ್ ಆದ ಮ್ಯಾಲ?" ಎಂದು ಕೇಳಿದೆ. ಇನ್ನೆರಡು ವರ್ಷ ಉಳಿದಿತ್ತು.

"ಆವಾಗ ನೋಡೂಣು," ಎಂದಳು. ಡಬ್ಬಿಗೆ ರೊಟ್ಟಿ ತುಂಬುತ್ತ, "ಮುಂದಿನ ರವಿವಾರ ಡ್ಯೂಟಿ ಅದ. ಅದರ ಮುಂದಿಂದು ಸೂಟಿ," ಎಂದಳು. ಅದು ಆಹ್ವಾನವೋ ಬರಿಯ ಮಾಹಿತಿಯೋ ನಿಶ್ಚಯವಾಗಲಿಲ್ಲ. ನಾನು ಅದನ್ನು ಆಹ್ವಾನವೆಂದೇ ಇಟ್ಟುಕೊಂಡೆ.

ಮೂರು ಗಂಟೆಗೆ ಅವಳ ಪಾಳಿ. ಸಮವಸ್ತ್ರ ಉಟ್ಟು ಬಂದವಳಿಗೆ ಆಸ್ಪತ್ರೆಯ ತನಕ ಕಾರಿನಲ್ಲಿ ಬಿಡುತ್ತೇನೆಂದೆ. "ಬ್ಯಾಡ್ರಿ. ರಾತ್ರಿ ವಾಪಸ್ ಬರ್ಲಿಕ್ಕೆ ನನಗ ಸೈಕಲ್ ಬೇಕಲ್ಲ," ಎಂದಳು. ಅದು ನಿಜ. ಡಬ್ಬಿಯನ್ನು ಬುಟ್ಟಿಯಲ್ಲಿಟ್ಟು, ಸೀರೆಯ ನೆರಿಗೆಯನ್ನು ಒಂದು ಕೈಯಿಂದ ಎತ್ತಿ ಸಿಕ್ಕಿಸಿಕೊಂಡು, ಎರಡು ಸಲ ಕಾಲೂರಿ ಒದ್ದು ಹತ್ತಿದಳು. ನಾನು ಕಾರು ಚಾಲೂ ಮಾಡಿ ಅವಳ ಹಿಂದೆ, ಸೈಕಲ್ಲಿನ ವೇಗದಲ್ಲೇ ನಡೆಸಿದೆ. ಅವಳ ಬೆನ್ನು ನೆಟ್ಟಗಿತ್ತು. ಹೊಂಡಗಳೆಲ್ಲ ಅವಳಿಗೆ ಮುಖಪಾಠ. ಅವಳು ಬಳಸಿದ ಕಡೆ ನಾನೂ ಬಳಸಿದೆ, ಅವಳು ನಿಧಾನಿಸಿದಲ್ಲಿ ನಾನೂ ನಿಧಾನಿಸಿದೆ. ರೈಲ್ವೆ ಹಳಿಯ ಪಕ್ಕದ ತಿರುವಿನಲ್ಲಿ ಬಲಗೈಯನ್ನು ಉದ್ದಕ್ಕೆ ಚಾಚಿ, ಹಿಂದಿರುಗಿ ನೋಡದೆ, ಆಸ್ಪತ್ರೆಯ ರಸ್ತೆಗೆ ಹೊರಳಿದಳು. ಪುಣೆಯ ದಾರಿ ಎಡಕ್ಕೆ. ಆ ಚಾಚಿದ ಕೈ ನನಗೆ ಮಾಡಿದ ಸಂಜ್ಞೆಯೋ, ಹಿಂದೆ ಬರುವ ಯಾವ ವಾಹನಕ್ಕಾದರೂ ತೋರಿಸುವ ಸಂಜ್ಞೆಯೋ ಎಂದು ಯೋಚಿಸುತ್ತ ಆ ತಿರುವಿನಲ್ಲಿ ನಿಂತೇ ಇದ್ದೆ, ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯುವ ತನಕ.